ಕೂಗದ ಹದ್ದು

ಗುಬ್ಬಿಯಲ್ಲಿ ಹುಟ್ಟಿದವಳು ಹಕ್ಕಿ ನೋಡದೆ ಇನ್ನೇನು ನೋಡುತ್ತಾಳೆ ಎಂಬ ಜೋಕನ್ನು ನಮ್ಮ ಪಕ್ಷಿ ಬಳಗಕ್ಕೆ ಸೇರುವ ಪ್ರತಿಯೊಬ್ಬರೂ ತಾವೇ ಮೊದಲು ಕಂಡುಹಿಡಿದಂತೆ ಹೇಳುತ್ತಾರೆ. ನಾನೂ ಮೊದಲ ಸಲ ಕೇಳಿದವಳಂತೆ ನಗುತ್ತೇನೆ. ನಗುವುದೂ ಒಂದು ಮಿಮಿಕ್ರಿ ತಾನೆ. ಹುಟ್ಟಿದ್ದು ಗುಬ್ಬಿ, ಕೊಟ್ಟಿದ್ದು ಕುಣಿಗಲ್, ಬಳಗ ಇರುವುದು ತುಮಕೂರಿನಲ್ಲಿ. ಹೆಸರು ಇಂಪನಾ. ಇಂಪು ಹೆಸರಿನಲ್ಲಷ್ಟೇ. ಗಂಟಲಲ್ಲಿ ಇರುವವರು ಬೇರೆ: ಕೆರೆಯ ಬಾತುಗಳು, ಸ್ಟಡ್ ಫಾರಂ ಕುದುರೆಗಳು, ಬಸ್‌ಸ್ಟ್ಯಾಂಡಿನಲ್ಲಿ ಮೂಗಿನಿಂದ ಊರುಗಳ ಹೆಸರು ಕೂಗುವ ಅನೌನ್ಸರ್, ನಮ್ಮ ಕಚೇರಿಯ ಸಾಹೇಬರು. ಎಲ್ಲರೂ ಅಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ.

ಆದರೆ ಈ ಗಂಟಲಿಗೆ ವಾರವೆಲ್ಲ ಬೀಗ. ಸಾಹೇಬರ ದನಿಯಲ್ಲಿ ಜವಾನನನ್ನು ಕರೆದು ಕಾಫಿ ತರಿಸಿ ಸಿಕ್ಕಿಬಿದ್ದ ಮೇಲೆ ಕಚೇರಿಯಲ್ಲಿ ಅಂಗಡಿ ಮುಚ್ಚಿತು. ಅತ್ತೆ ಶಿವರುದ್ರಮ್ಮನವರ ದನಿಯಲ್ಲಿ ಹಾಲಿನವನಿಗೆ "ನೀರು ನಮ್ಮನೆ ನಲ್ಲೀಲೂ ಬತ್ತದೆ ಕಣಪ್ಪ" ಅಂದಿದ್ದಕ್ಕೆ ಅವನು ಹಾಲು ಹಾಕುವುದನ್ನೇ ಬಿಟ್ಟ. ಮನೆಯಲ್ಲೂ ಮುಚ್ಚಿತು. ತೆರೆದಿರುತ್ತಿದ್ದದ್ದು ಭಾನುವಾರ ಬೆಳಿಗ್ಗೆ, ಬಳಗದ ಜೊತೆ ಇರುವಾಗ ಮಾತ್ರ. ಕುಣಿಗಲ್ ಕೆರೆ ಏರಿಯ ಮೇಲೆ ನಿಂತು ಸಿಳ್ಳೆ ಬಾತುವಿನ ಹಾಗೆ ಒಮ್ಮೆ ಕೂಗಿದರೆ ಆಚೆಯ ಜೊಂಡಿನಿಂದ ಉತ್ತರ ಬರುತ್ತಿತ್ತು. ಆಗ ಇಡೀ ಬಳಗ ಬೈನಾಕ್ಯುಲರ್ ಇಳಿಸಿ, ಹಕ್ಕಿಯ ಬದಲು ನನ್ನನ್ನು ನೋಡುತ್ತಿತ್ತು. ಆ ಒಂದು ನೋಟಕ್ಕಾಗಿ ನಾನು ವಾರವಿಡೀ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಅದೂ ಹೋದರೆ ನನ್ನ ಪಾಲಿಗೆ ಏಳೂ ದಿನ ಸೋಮವಾರ.

ಬಳಗದ ಅಧ್ಯಕ್ಷರು ಅಂಜನ್‌ಕುಮಾರ್. ವಸಂತನರಸಾಪುರದಲ್ಲಿ ಬೋಲ್ಟು ಮಾಡುವ ಸಣ್ಣ ಫ್ಯಾಕ್ಟರಿ, ಹಣೆಯಲ್ಲಿ ಮೂರು ಪಟ್ಟೆ ವಿಭೂತಿ, ಹೆಗಲ ಮೇಲೆ ಒನಕೆಯಂಥ ಲೆನ್ಸು. ಹೆಸರಲ್ಲಿ ಅಂಜಿಕೆ ಅವರದ್ದು, ಅಂಜುವ ಕೆಲಸ ನಮ್ಮದು. ಅವರು ಯಾವ ಹಕ್ಕಿ ಎಂದರೆ ಅದೇ ಹಕ್ಕಿ. ಒಮ್ಮೆ ಒಣಗಿದ ಕೊಂಬೆಯೊಂದನ್ನು ಗೂಬೆ ಎಂದಾಗ ನಮಗೆಲ್ಲ ಅದರ ಕಣ್ಣೂ ಕಂಡಿತ್ತು.

ಮೇ ತಿಂಗಳಲ್ಲಿ ಬಳಗ ಕಡಲಿಗೆ ಹೊರಟಿತು. ತೀರದಿಂದ ಸ್ವಲ್ಪ ಒಳಗೆ ಬಂಡೆಗಲ್ಲಿನ ಒಂದು ದ್ವೀಪ. ಅಲ್ಲಿ ಬೇಸಿಗೆಯಲ್ಲಿ ರೀವಗಳು, ಅಂದರೆ ಕವಲು ಬಾಲದ ಬೆಳ್ಳನೆಯ ಕಡಲ ಹಕ್ಕಿಗಳು, ನೂರಾರು ಸೇರಿ ಮೊಟ್ಟೆ ಇಡುತ್ತವೆ. ತುಮಕೂರಿನಲ್ಲಿ ಬಳಗದ ಫೋಟೊ ಪ್ರದರ್ಶನ ಹತ್ತಿರ ಬಂದಿತ್ತು. ಅದಕ್ಕೆ ಗೋಡೆಯಗಲದ ಒಂದು ಚಿತ್ರ ಬೇಕೆಂದು ಅಂಜನ್ ಸರ್ ನಿಶ್ಚಯಿಸಿದ್ದರು. ನೂರಾರು ರೀವಗಳು ಒಟ್ಟಿಗೆ ಮೇಲೇಳುವ ಚಿತ್ರ. ಹೊರಡುವುದಕ್ಕೆ ವಾರಗಳ ಮೊದಲೇ ನನ್ನ ಫೋನಿಗೆ ಕಡಲ ಹದ್ದಿನ ಕೂಗು ಕಳಿಸಿ, "ಇದನ್ನ ಪ್ರಾಕ್ಟೀಸ್ ಮಾಡಿ ಮೇಡಂ, ನಿಮ್ಮಿಂದ ಮಾತ್ರ ಆಗೋದು" ಎಂದಿದ್ದರು. ನಾನು ಉಬ್ಬಿಹೋಗಿ, ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಕಲಿತೆ.

ಅತ್ತೆ ಸಮುದ್ರ ನೋಡಿರಲಿಲ್ಲ. "ನಾನೂ ಬತ್ತೀನಿ ಕಣವ್ವ," ಎಂದರು. "ಒಂದ್ ಕಣ್ಣಲ್ಲಿ ನೀರು ನೋಡ್ತೀನಿ, ಒಂದ್ ಕಣ್ಣಲ್ಲಿ ನಿನ್ ನೋಡ್ಕತೀನಿ."

"ಹಕ್ಕೀನ ಯಾವ ಕಣ್ಣಲ್ಲಿ ನೋಡ್ತೀರಾ ಅತ್ತೆ?"

"ಹಕ್ಕೀಗೆ ಕಣ್ಣಿಲ್ವಾ? ಅದೇ ನನ್ ನೋಡ್ಲಿ ಬುಡು."

ರಾತ್ರಿಯೆಲ್ಲ ಬಳಗದ ಬಾಡಿಗೆ ಬಸ್ಸು. ಬೆಳಿಗ್ಗೆ ಬಂದರಿನ ಹತ್ತಿರದ ಲಾಡ್ಜಿನಲ್ಲಿ ಸ್ನಾನ. ಅತ್ತೆ ಮೈ ತೊಳೆದು, ಮಡಿ ಸೀರೆ ಉಟ್ಟು, ಲಿಂಗಪೂಜೆಗೆ ಕೂರಬೇಕೆನ್ನುವಷ್ಟರಲ್ಲಿ ಅಂಜನ್ ಸರ್ ಬಾಗಿಲು ಬಡಿದರು. "ಬೆಳಕು ಹೋಗ್ಬಿಡುತ್ತಮ್ಮ. ಪೂಜೆ ಆಮೇಲೆ ಮಾಡ್ಕೊಳ್ಳಿ." ಲಿಂಗಕ್ಕೆ ನೀರು ಹಾಕದೆ ಅತ್ತೆ ಬಾಯಿಗೆ ಕಾಫಿಯನ್ನೂ ಹಾಕುವವರಲ್ಲ. ಖಾಲಿ ಹೊಟ್ಟೆಯಲ್ಲೇ ದೋಣಿ ಹತ್ತಿದರು.

ದೋಣಿಯ ಬಾಬು ಖಾರ್ವಿ ದ್ವೀಪದ ಮರಳಿಗೆ ನಮ್ಮನ್ನು ಇಳಿಸಿ ಎರಡು ಮಾತು ಹೇಳಿದರು. "ಆಚೆ ತುದಿಯಲ್ಲಿ ಹಕ್ಕಿ ಬಂಡೆ ಉಂಟು. ದೂರದಿಂದ ನೋಡಿ, ಅದರ ಮೇಲೆ ಮಾತ್ರ ಹೋಗ್ಬೇಡಿ. ಮೊಟ್ಟೆ ಉಂಟು. ಮತ್ತೆ, ಮಧ್ಯಾಹ್ನಕ್ಕೆ ನೀರು ಏರ್ತದೆ. ಅಷ್ಟರೊಳಗೆ ಇಲ್ಲಿಗೆ ಬನ್ನಿ."

ನಾವೆಲ್ಲ ತಲೆಯಾಡಿಸಿದೆವು. ಒಬ್ಬರೂ ನಂಬಲಿಲ್ಲ. ನಾವು ಕೆರೆಯವರು. ನಮ್ಮ ನೀರು ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಬೆಳಿಗ್ಗೆ ದಡದಲ್ಲಿ ಬಿಟ್ಟ ಚಪ್ಪಲಿ ಸಂಜೆಗೂ ಅಲ್ಲೇ ಇರುತ್ತದೆ, ನಾಯಿ ಒಯ್ಯದಿದ್ದರೆ. ಮೋಡವಿಲ್ಲದ ಮೇ ತಿಂಗಳಲ್ಲಿ ನೀರು ಏರಬೇಕೆಂದರೆ ಮೇಲಿನ ಕೆರೆ ಕೋಡಿ ಬಿದ್ದಿರಬೇಕು. ಸಮುದ್ರಕ್ಕೆ ಮೇಲಿನ ಕೆರೆ ಯಾವುದು? ದೋಣಿಯಿಂದ ಇಳಿಯುವಾಗ ನೆನೆದ ಶೂಗಳನ್ನು ನೀರಿನ ಅಂಚಿನಲ್ಲೇ ಒಣಗಲು ಸಾಲಾಗಿಟ್ಟು, ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೊರಟೆವು. ಅಂಜನ್ ಸರ್ ತಮ್ಮ ಹೊಸ ಶೂಗಳನ್ನು ಎಲ್ಲಕ್ಕಿಂತ ಮುಂದೆ, ಗಾಳಿ ಚೆನ್ನಾಗಿ ಬೀಸುವಲ್ಲಿ ಇಟ್ಟರು.

ದ್ವೀಪದ ಆಚೆ ತುದಿಗೆ ಬಂದು ನಿಂತೆವು. ಎದುರಿಗೆ ಹಕ್ಕಿ ಬಂಡೆ. ನಮಗೂ ಅದಕ್ಕೂ ನಡುವೆ ಕಲ್ಲಿನ ಒಂದು ಸಣ್ಣ ಇಡುಕು ದಾರಿ, ಒಬ್ಬರು ಹೋಗುವಷ್ಟು ಅಗಲ, ಎರಡೂ ಕಡೆ ನೀರು. ಬಂಡೆಯ ಮೇಲೆ ಸುಣ್ಣ ಚೆಲ್ಲಿದ ಹಾಗೆ ರೀವಗಳು. ಅತ್ತೆಗೆ ಬೈನಾಕ್ಯುಲರ್ ಕೊಟ್ಟೆ.

"ಗೂಡೇ ಇಲ್ವಲ್ಲೇ ಇವಕ್ಕೆ."

"ಇಲ್ಲ ಅತ್ತೆ. ಬರೀ ಕಲ್ಲ ಮೇಲೆ ಮೊಟ್ಟೆ."

"ಈ ಬಿಸ್ಲಲ್ಲಿ ಕಾವು ಬೇರೆ ಕೊಡ್ತಾವಾ?"

"ಕಾವಲ್ಲ, ನೆರಳು. ರೆಕ್ಕೆ ಅರ್ಧ ಬಿಚ್ಕೊಂಡು ನಿಂತಿದಾವೆ ನೋಡಿ. ಜೊತೆ ಹಕ್ಕಿ ಹೋಗಿ ಎದೆ ನೆನೆಸ್ಕೊಂಡು ಬಂದು ಮೊಟ್ಟೆ ತಣ್ಣಗೆ ಮಾಡುತ್ತೆ. ಎದ್ದು ಹೋದ್ರೆ ಮೊಟ್ಟೆ ಬೆಂದೋಗುತ್ತೆ."

ಅತ್ತೆ ತಾವು ಕೂತಿದ್ದ ಬಂಡೆಗೆ ಅಂಗೈ ಒತ್ತಿ, ತಟ್ಟನೆ ತೆಗೆದರು. "ರೊಟ್ಟಿ ಹಂಚು ಕಣೆ ಇದು," ಎಂದು ಮತ್ತೆ ಬೈನಾಕ್ಯುಲರ್ ಹಿಡಿದರು. ಮೇಲೆ ಗರುಡಗಳು ಸುತ್ತುತ್ತಿದ್ದವು. ಯಾವ ತಾಯಿ ಏಳುತ್ತಾಳೆ ಎಂದು ಕಾಯುವ ಸುತ್ತು.

ಅಂಜನ್ ಸರ್ ಟ್ರೈಪಾಡ್ ನಿಲ್ಲಿಸಿ ಕಾದರು. ಹಕ್ಕಿಗಳು ಏಳಲಿಲ್ಲ. ಚಪ್ಪಾಳೆ ತಟ್ಟಿದರು. ಏಳಲಿಲ್ಲ. ಫೋನಿನಲ್ಲಿ ಹದ್ದಿನ ಕೂಗು ಹಾಕಿ ಕೈ ಎತ್ತಿ ಹಿಡಿದರು. ಕಡಲ ಗಾಳಿ ಆ ದನಿಯನ್ನು ನಮ್ಮ ಕಿವಿಗೇ ತಂದು ವಾಪಸು ಕೊಟ್ಟಿತು. ಆಮೇಲೆ ನನ್ನ ಕಡೆ ತಿರುಗಿದರು.

"ಇಂಪನಾ ಮೇಡಂ, ಈಗ ನಿಮ್ಮ ಸರದಿ. ಹದ್ದು ಕೂಗಿ."

ಬಳಗದವರೆಲ್ಲ ಬೈನಾಕ್ಯುಲರ್ ಇಳಿಸಿ ನನ್ನನ್ನು ನೋಡಿದರು. ವಾರವಿಡೀ ಕಾಯುವ ಅದೇ ನೋಟ. ಬಚ್ಚಲಲ್ಲಿ ಕಲಿತದ್ದು ಇದಕ್ಕೇ ಎಂದು ಆಗ ಅರ್ಥವಾಯಿತು. ಕೂಗು ಗಂಟಲಿನ ಬಾಗಿಲಿಗೇ ಬಂದು ನಿಂತಿತ್ತು, ಚೆನ್ನಾಗಿಯೂ ಬರುತ್ತಿತ್ತು.

"ಕೂಗಲ್ಲ ಸರ್," ಎಂದೆ.

"ಯಾಕೆ, ಗಂಟಲು ಕೆಟ್ಟಿದ್ಯಾ?"

"ಚೆನ್ನಾಗಿದೆ. ಅದಕ್ಕೇ ಕೂಗಲ್ಲ. ಕೂಗಿದ್ರೆ ನಿಜವಾಗ್ಲೂ ಎದ್ದುಬಿಡ್ತಾವೆ."

"ಏಳ್ಲಿ ಅಂತಾನೇ ರೀ ಹೇಳ್ತಿರೋದು. ಒಂದ್ ನಿಮಿಷ ಎದ್ದು ಮತ್ತೆ ಕೂತ್ಕೊತಾವೆ. ಹಕ್ಕಿ ಅಂದ್ಮೇಲೆ ಹಾರ್ಬೇಕು ತಾನೆ?"

"ಆ ಒಂದ್ ನಿಮಿಷ ಗರುಡಕ್ಕೆ ಸಾಕು ಸರ್. ಉಳಿದಿದ್ದನ್ನ ಬಿಸಿಲು ನೋಡ್ಕೊಳುತ್ತೆ."

ಬಳಗದ ಕಾರ್ಯದರ್ಶಿ ಬಸವಪ್ರಭು ಕೆಮ್ಮಿದರು. ಅವರು ಹೈಸ್ಕೂಲ್ ಮೇಷ್ಟ್ರು. ಮಕ್ಕಳೆದುರು ಹುಲಿ, ಅಧ್ಯಕ್ಷರೆದುರು ಹುಳಿ ಹಿಂಡಿದ ಹಾಲು. "ಸರ್, ಅದು ಮೇಡಂ ಹೇಳೋದ್ರಲ್ಲೂ..."

"ನೀವು ಸುಮ್ನಿರಿ ಪ್ರಭು," ಎಂದರು ಅಂಜನ್ ಸರ್. ಅಂಜನ್ ಸರ್ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದರೆ ಕೇಳದವರು ಯಾರೂ ಇರುವುದಿಲ್ಲ. "ನೋಡಿ ಮೇಡಂ. ಬಳಗ ನಿಮ್ಮನ್ನ ತಲೆ ಮೇಲೆ ಕೂರಿಸ್ಕೊಂಡಿದೆ. ಬಳಗಕ್ಕೆ ಒಂದ್ ಕೆಲ್ಸ ಅಂದಾಗ ಆಗಲ್ಲ ಅಂತೀರಾ. ಆಗಲ್ಲ ಅಂದ್ರೆ ಮುಂದಿನ ಭಾನುವಾರದಿಂದ ಮನೇಲೇ ಕೂಗ್ಕೊಳ್ಳಿ."

ಮನೆಯಲ್ಲಿ ಕೂಗಲು ಬಿಡದವರು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು.

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಕೆರೆ ಏರಿ, ಜೊಂಡಿನಾಚೆಯ ಉತ್ತರ, ನನ್ನ ಕಡೆ ತಿರುಗುವ ಮುಖಗಳು, ಎಲ್ಲ ಕಣ್ಣ ಮುಂದೆ ಬಂದವು. ಹಕ್ಕಿಗೂ ಒಂದು ಹಕ್ಕಿದೆ ಎಂಬ ಮಾತು ನಾಲಗೆಗೆ ಬಂತು. ಎಂಥ ಹೊತ್ತಿನಲ್ಲೂ ಇಂಥದ್ದೇ ಹೊಳೆಯುವುದು ನನ್ನ ಕರ್ಮ. ನುಂಗಿಕೊಂಡೆ. ತುಂಬಿಕೊಂಡಿದ್ದ ಉಸಿರನ್ನು ಸದ್ದಿಲ್ಲದೆ ಬಿಟ್ಟು, ತುಟಿ ಮುಚ್ಚಿ, ಅವರನ್ನೇ ನೋಡುತ್ತ ನಿಂತೆ. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಬಾಯಿ ಮಾಡಿದ್ದಿಲ್ಲ.

"ಆಯ್ತು," ಎಂದರು ಅವರು. "ನಾನೇ ಹೋಗಿ ಎಬ್ಬಿಸ್ತೀನಿ. ಪ್ರಭು, ಬಟನ್ ಒತ್ತಿ ಹಿಡ್ಕೊಳ್ಳಿ ಅಷ್ಟೆ." ಪ್ಯಾಂಟು ಮಡಿಸಿ ಇಡುಕು ದಾರಿಯ ಕಡೆ ಇಳಿಯತೊಡಗಿದರು.

ಇಳಿದಾಗ ದಾರಿಯ ನಡುವೆ ಅತ್ತೆ ಕೂತಿದ್ದರು. ಯಾವಾಗ ಎದ್ದು ಹೋದರೋ ನನಗೂ ತಿಳಿಯಲಿಲ್ಲ. ಕಲ್ಲಿನ ಮೇಲೆ ಟವೆಲ್ ಹಾಸಿ, ಚಕ್ಕಳಮಕ್ಕಳ ಹಾಕಿ, ಸೆರಗು ಹೊದ್ದು, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡಿದ್ದರು.

"ಇದೇನಮ್ಮ?" ಎಂದರು ಅಂಜನ್ ಸರ್.

"ಪೂಜೆ ಕಣಪ್ಪ. ಬೆಳಿಗ್ಗೆ ನೀನೇ ಅಂದ್ಯಲ್ಲ, ಆಮೇಲೆ ಮಾಡ್ಕಳಿ ಅಂತ. ಆಮೇಲೆ ಆಯ್ತು."

"ಇಲ್ಲೇ ಯಾಕೆ? ಅಷ್ಟ್ ಜಾಗ ಐತೆ ಮೇಲೆ."

"ಮೇಲೆ ಕಲ್ಲು ಕಾದೈತೆ. ಇಲ್ಲಿ ತಂಪು." ಬಾಟಲಿಯಿಂದ ಲಿಂಗದ ಮೇಲೆ ನಾಲ್ಕು ಹನಿ ಬಿಟ್ಟು ಅತ್ತೆ ಕಣ್ಣು ಮುಚ್ಚಿದರು.

ಅಂಜನ್ ಸರ್ ನಿಂತರು. ಯಾರ ಮಾತನ್ನಾದರೂ ದಾಟುವ ಮನುಷ್ಯ, ಆದರೆ ಮಠದ ಅಂಗಳದಲ್ಲಿ ಬೆಳೆದವರು. ಅಂಗೈಯಲ್ಲಿ ಲಿಂಗವಿರುವವರನ್ನು ದಾಟಿ ಹೋಗುವುದು ಅವರ ಕಾಲಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಹೋಗಲು ಜಾಗವಿಲ್ಲ. ನೀರಿಗಿಳಿಯಲು ಈಜು ಬಾರದು. ಗಡಿಯಾರ ನೋಡಿಕೊಂಡರು, ಬೆವರು ಒರೆಸಿಕೊಂಡರು, ವಿಭೂತಿಯೂ ಒರೆಸಿಹೋಯಿತು.

ಮನೆಯಲ್ಲಿ ಅತ್ತೆಯ ಪೂಜೆ ಕುಕ್ಕರ್ ಕೂಗುವುದರೊಳಗೆ ಮುಗಿಯುತ್ತದೆ. ಅವತ್ತು ಮದುವೆಮನೆಯ ಅನ್ನವೇ ಬೇಯಬಹುದಿತ್ತು. ನೀರು ಬಿಟ್ಟರು, ವಿಭೂತಿ ಧರಿಸಿದರು, ಮತ್ತೆ ನೀರು ಬಿಟ್ಟರು, ಮತ್ತೆ ವಿಭೂತಿ. ತುಟಿ ಅಲ್ಲಾಡುತ್ತಲೇ ಇತ್ತು. ಬಳಗದವರು ಮೇಲಿನ ಬಂಡೆಯ ಮೇಲೆ ಸಾಲಾಗಿ ಕೂತು, ಹಕ್ಕಿಗಳನ್ನೂ ಅತ್ತೆಯನ್ನೂ ಸರದಿಯ ಮೇಲೆ ನೋಡಿದರು. ನಾನು ಅತ್ತೆಯ ಬೆನ್ನ ಹಿಂದೆ, ಒಂದು ಮಾರು ದೂರದಲ್ಲಿ ಬಂದು ನಿಂತೆ.

ಅಷ್ಟರಲ್ಲಿ ಅತ್ತೆ ಒಂದು ಕಣ್ಣು ತೆರೆದರು. "ಏನೇ," ಎಂದರು ಮೆಲ್ಲಗೆ, "ಯಾರಾರ ತೂಬು ಎತ್ತಿದ್ರಾ? ಟವೆಲ್ ನೆಂದೈತೆ."

ನಗು ಬಂತು, ಅರ್ಧಕ್ಕೇ ನಿಂತಿತು. ದಾರಿಯ ಅಂಚಿನ ಕಲ್ಲುಗಳು ಆಗಲೇ ಮುಳುಗಿದ್ದವು. ದ್ವೀಪದ ಮಗ್ಗುಲಲ್ಲಿ ಅಂಜನ್ ಸರ್ ಅವರ ಹೊಸ ಶೂ ಒಂದು, ಯಾರೂ ತೊಡದೆಯೇ, ಕಡಲ ಕಡೆಗೆ ಸಾವಕಾಶವಾಗಿ ಹೊರಟಿತ್ತು. ಮೇಲಿನ ಕೆರೆ ಯಾವುದೂ ಇಲ್ಲದೆ ನೀರು ಏರುತ್ತಿತ್ತು.

"ಅತ್ತೆ, ಏಳಿ. ಖಾರ್ವಿಯವರು ಹೇಳಿದ್ದು ನಿಜ. ನೀರು ಬರ್ತಿದೆ."

"ಅವ್ನು ಹೋದ್ನಾ?"

"ಇಲ್ಲ. ನಿಂತವ್ರೆ."

"ಹಂಗಾರೆ ಪೂಜೆ ಮುಗ್ದಿಲ್ಲ," ಎಂದು ಕಣ್ಣು ಮುಚ್ಚಿಕೊಂಡರು.

ಒಂದು ಅಲೆ ದಾರಿಯನ್ನು ಅಡ್ಡಲಾಗಿ ಹಾಯ್ದು ಅವರ ಮಡಿಲು ತುಂಬಿ ಹೋಯಿತು. ಅವರು ಅಲ್ಲಾಡಲಿಲ್ಲ, ಎಡಗೈಯನ್ನು ಮಾತ್ರ ಎದೆಯ ಮಟ್ಟಕ್ಕೆ ಎತ್ತಿದರು. ಮದುವೆಯಲ್ಲೂ ಹೆರಿಗೆಯಲ್ಲೂ ಮೈಯಿಂದ ದೂರ ಮಾಡದ ಲಿಂಗ ಅದು. ಕೈಜಾರಿ ಸಮುದ್ರಕ್ಕೆ ಬಿದ್ದರೆ ಅವರು ಮನೆಗೆ ಬಂದರೂ ಬಂದ ಹಾಗಲ್ಲ. ನಾನು ನೀರಿನಲ್ಲೇ ಅವರ ಹಿಂದೆ ಕೂತು, ಎರಡೂ ತೋಳಿಂದ ಸೊಂಟ ಬಳಸಿ, ಕಾಲನ್ನು ಕಲ್ಲಿನ ಸಂದಿಗೆ ಒತ್ತಿದೆ. ಮಂಡಿ ತರಚಿ ಉಪ್ಪು ನೀರು ಉರಿಯಿತು.

"ಎಬ್ಬಿಸ್ರಿ ಅವ್ರನ್ನ," ಎಂದು ಅಂಜನ್ ಸರ್ ಕೂಗಿದರು. "ಹುಚ್ಚು ಹಿಡಿದಿದ್ಯಾ ಇಬ್ರಿಗೂ?"

"ನೀವು ಆ ಕಡೆ ತಿರುಗಿ ಹತ್ತಿ ಸರ್. ಅವರಾಗೇ ಏಳ್ತಾರೆ."

"ಏನ್ ಧಮ್ಕಿನಾ?"

"ಧಮ್ಕಿ ಆಗ್ಲೇ ನೀವು ಹಾಕಿದ್ದು. ಇದು ಲೆಕ್ಕ ಚುಕ್ತಾ."

ಅವರು ಹಕ್ಕಿ ಬಂಡೆಯನ್ನು ನೋಡಿದರು. ನಮ್ಮಾಚೆ ದಾರಿ ಎಂಬುದೇ ಉಳಿದಿರಲಿಲ್ಲ, ನೊರೆ ಮಾತ್ರ. ಮುಂದಿನ ಅಲೆ ಅವರ ಮೊಣಕಾಲನ್ನೂ ನೆನೆಸಿತು. ಅವರು ತಿರುಗಿದರು. ಬಂಡೆ ಹತ್ತಿ, ಮೇಷ್ಟ್ರ ಕೈಯಿಂದ ಕ್ಯಾಮೆರಾ ಕಿತ್ತುಕೊಂಡರು.

ಆಗ ಅತ್ತೆ ಲಿಂಗವನ್ನು ಕಣ್ಣಿಗೆ ಒತ್ತಿ, ಕರಡಿಗೆಯಲ್ಲಿಟ್ಟು, ಮುಚ್ಚಳ ಭದ್ರವಾಗಿದೆಯೇ ಎಂದು ಎರಡು ಸಲ ನೋಡಿಕೊಂಡರು. ಏಳಲು ಹೋದರೆ ಕಾಲು ಜೋಮು. ಬಸವಪ್ರಭು ಯಾರ ಅಪ್ಪಣೆಯನ್ನೂ ಕೇಳದೆ ಸೊಂಟದವರೆಗೆ ನೀರಿಗಿಳಿದು ಕೈ ನೀಡಿದರು. ಅವರು ಎಳೆದರು, ನಾನು ನೂಕಿದೆ. ನಾವು ಬಂಡೆಗೆ ಒರಗಿ ಉಸಿರು ಬಿಡುವಾಗ ಹಕ್ಕಿಗಳ ಕಡೆ ನೋಡಿದೆ. ಅಲೆಯ ಸದ್ದಿಗೆ ಒಂದೆರಡು ರೀವಗಳು ಎದ್ದು, ಎದೆ ನೆನೆಸಿಕೊಂಡು ಮತ್ತೆ ಬಂದು ನಿಂತವು. ಉಳಿದವು ಅರ್ಧ ಬಿಚ್ಚಿದ ರೆಕ್ಕೆಯಲ್ಲಿ ಇದ್ದ ಹಾಗೇ ಇದ್ದವು. ನಾವು ಬಂದದ್ದೂ ನಿಂತದ್ದೂ ಅವಕ್ಕೆ ಗೊತ್ತೇ ಆಗಿರಲಿಲ್ಲ.

"ನೀರು ಏರ್ತದೆ ಅಂತ ಹೇಳಿದ್ದೆ ಮಾರಾಯ್ರೆ," ಎಂದರು ಖಾರ್ವಿ, ನಾವು ಇಳಿದ ಮರಳಿಗೆ ವಾಪಸಾದಾಗ, ತೇಲುತ್ತಿದ್ದ ಶೂಗಳನ್ನು ಹುಟ್ಟಿನಿಂದ ಒಂದೊಂದಾಗಿ ಎತ್ತುತ್ತ. ಅಂಜನ್ ಸರ್ ಅವರದ್ದು ಒಂದೇ ಸಿಕ್ಕಿತು. ದೋಣಿಯಲ್ಲಿ ಅಧ್ಯಕ್ಷರು ಮುಂದೆ ಕೂತು ಫೋನಿನಲ್ಲಿ ಏನೋ ಒತ್ತುತ್ತಿದ್ದರು. ಕಡಲಲ್ಲಿ ಸಿಗ್ನಲ್ ಇರಲಿಲ್ಲ.

ಬಂದರಿನ ಕಟ್ಟೆಗೆ ದೋಣಿ ತಾಗುವಾಗ ಎಲ್ಲರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ಎಲ್ಲರೂ ನೋಡಿಕೊಂಡು, ನನ್ನನ್ನು ನೋಡಿ, ಮತ್ತೆ ಫೋನು ನೋಡಿದರು.

"ಏನಂತೆ?" ಎಂದರು ಅತ್ತೆ.

"ನನ್ನನ್ನ ಬಳಗದ ಗ್ರೂಪಿಂದ ತೆಗೆದ್ರು."

"ಯಾವ್ ಗ್ರೂಪು?"

"ನಮ್ದೇ ಅತ್ತೆ. ಭಾನುವಾರದ್ದು."

ಅತ್ತೆ ಒದ್ದೆ ಸೀರೆ ಹಿಂಡುತ್ತ ಕಟ್ಟೆಯ ಮೇಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಎಲ್ಲಾ ಇಲ್ಲೇ ಕುಂತವ್ರಲ್ಲ," ಎಂದರು. ಆಮೇಲೆ, "ಎಲ್ಲಾದ್ರೂ ಸೀನೀರು ಸಿಕ್ಕುತ್ತಾ ನೋಡು. ಕಣ್ಣು ಬಿಟ್ಕಂಡು ಮಾಡಿದ್ದು ಪೂಜೆನಾ ಅದು? ಸರಿಯಾಗಿ ಕುಂತು ಮಾಡ್ಬೇಕು."

ಮೀನು ಹರಾಜಿನ ಶೆಡ್ಡಿನ ಆಚೆ ಒಂದು ನಲ್ಲಿ ಇತ್ತು. ಖಾರ್ವಿಯವರ ಮನೆಯಿಂದ ಒಂದು ಚೆಂಬು ಬಂತು, ಒಣ ಸೀರೆಯೂ ಬಂತು. ಅತ್ತೆ ಮರದ ನೆರಳಿನಲ್ಲಿ ಕೂತರು. ಅಷ್ಟರಲ್ಲಿ ಬಳಗದವರು ಪುಳಿಯೋಗರೆ ಪೊಟ್ಟಣಗಳನ್ನು ಹಂಚಿಕೊಂಡಿದ್ದರು. ಮಧ್ಯಾಹ್ನ ಮೀರಿತ್ತು, ಹಸಿವು ಎಲ್ಲರ ಮುಖದಲ್ಲೂ ಇತ್ತು.

"ಬಸ್ಸಲ್ಲೇ ತಿನ್ರಿ, ಹೊರಡೋಣ," ಎಂದರು ಅಂಜನ್ ಸರ್, ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಹವಾಯಿ ಹಾಕಿಕೊಂಡು. "ಬಳಗದೋರು ಹತ್ತಿ. ಬೇರೆಯೋರು ಹೆಂಗ್ ಬರ್ತಾರೋ ಬರ್ಲಿ."

ನಾನು ಅತ್ತೆಯ ಪಕ್ಕದಲ್ಲಿ ಚೆಂಬು ಹಿಡಿದು ಕೂತೆ. ಬಸ್ಸು ಹೋದರೆ ಹೋಗಲಿ, ಊರಿಗೆ ಇನ್ನೊಂದು ಬಸ್ಸಿದೆ. ಭಾನುವಾರ ಹೋದರೆ ಹೋಗಲಿ, ಕೆರೆಯನ್ನು ಯಾರೂ ಗ್ರೂಪಿನಿಂದ ತೆಗೆದಿಲ್ಲ.

ಬಸವಪ್ರಭು ಆಗಲೇ ಪೊಟ್ಟಣದ ದಾರ ಬಿಚ್ಚಿ ಒಂದು ತುತ್ತು ಕಲಸಿದ್ದರು. ಅದನ್ನು ಹಾಗೇ ಎಲೆಗೆ ಇಳಿಸಿ, ಪೊಟ್ಟಣವನ್ನು ಮತ್ತೆ ಕಟ್ಟಿದರು. ಗಂಟು ಎರಡು ಸಲ ತಪ್ಪಿತು. "ಅಮ್ಮಂದು ಪೂಜೆ ಮುಗೀಲಿ ಸರ್," ಎಂದರು ನೆಲ ನೋಡುತ್ತ. "ಆಮೇಲೆ ಊಟ. ಊಟ ಆದ್ಮೇಲೆ ಎಲ್ರೂ ಹೊರಡೋಣ."

ಅವರ ಪಕ್ಕದವರೂ ಪೊಟ್ಟಣ ಮಡಿಲಲ್ಲಿಟ್ಟುಕೊಂಡರು. ಅವರ ಪಕ್ಕದವರೂ ಇಟ್ಟುಕೊಂಡರು. ಅಂಜನ್ ಸರ್ ಒಬ್ಬರೇ ಹೋಗಿ ಬಸ್ಸು ಹತ್ತಿದರು. ಡ್ರೈವರ್ ಕೆಳಗಿಳಿದು ಟೀ ಕುಡಿಯುತ್ತಿದ್ದುದರಿಂದ ಹಾರ್ನನ್ನು ಅವರೇ ಒತ್ತಿದರು. ಒಮ್ಮೆ, ಆಮೇಲೆ ಉದ್ದಕ್ಕೆ.

ಯಾರೂ ಏಳಲಿಲ್ಲ. ಅತ್ತೆ ಎರಡೂ ಕಣ್ಣು ಮುಚ್ಚಿ ಲಿಂಗದ ಮೇಲೆ ನೀರು ಬಿಡುತ್ತಿದ್ದರು, ಸಾವಕಾಶವಾಗಿ.